ಮೂರು ಕಳ್ಳತನ, 16 ಕ್ಯಾಮೆರಾ: ಡೊಂಬಿವಲಿಯ ಒಂದು ಸೊಸೈಟಿಯ ಪ್ರಕರಣ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹೋದ ವರ್ಷ ಮೇ ತಿಂಗಳಿಂದ ಚೌತಿಯೊಳಗೆ ಮೂರು ಕಳ್ಳತನ ಆದವು. ಮೊದಲು ಒಂದು ಮನೆ. ಆಮೇಲೆ ಒಂದು ಸ್ಕೂಟರ್. ಕೊನೆಗೆ ಒಂದು ಈಕೋ ವ್ಯಾನಿನ ಸೈಲೆನ್ಸರ್. ವ್ಯಾನ್ ಅಲ್ಲ, ಬರೀ ಸೈಲೆನ್ಸರ್. ಮೂರನೆಯದು ಆದ ಕೂಡಲೇ ಕಮಿಟಿ ಜನರಲ್ ಬಾಡಿ ಸಭೆ ಕರೆಯಿತು. "ಇದು ಒಂದೇ ಗ್ಯಾಂಗು, 16 ಕ್ಯಾಮೆರಾ ಹಾಕಿಬಿಡೋಣ" ಅಂತ ಹೆಚ್ಚಿನವರು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಕೊಟೇಶನ್ ಕೂಡ ರೆಡಿ ಇತ್ತು.

ನಾನು ಕಮಿಟಿಯಲ್ಲಿ ಇಲ್ಲ. ಆದರೆ ಪೊಲೀಸರು ಪಂಚನಾಮೆಗೆ (ಮಹಜರಿಗೆ) ಬಂದಾಗ ಪಂಚನಾಗಿ, ಅಂದರೆ ಸಾಕ್ಷಿಯಾಗಿ, ಸಹಿ ಹಾಕಿದ್ದೆ, ಹಾಗಾಗಿ ಬಾಗಿಲು, ಬೀಗ, ಗಾಡಿ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ಇವು ಮೂರೂ ಬೇರೆ ಬೇರೆ ಕಳ್ಳತನ. ಒಂದೊಂದರಲ್ಲೂ ಕಳ್ಳನಿಗೆ ಅನುಕೂಲ ಮಾಡಿಕೊಟ್ಟದ್ದು ಬೇರೆ ಬೇರೆ ವಿಷಯ. ಮೂರಕ್ಕೂ ಸೇರಿಸಿ ಒಂದೇ ಮದ್ದು ಕುಡಿಸಲು ಹೊರಟದ್ದೇ ಎಡವಟ್ಟು.

ಮೊದಲು ಜಾಗ ಹೇಗಿದೆ ಅಂತ ಹೇಳುತ್ತೇನೆ. ಎರಡು ವಿಂಗ್, ಏಳು ಮಹಡಿ, ಕೆಳಗೆ ಕಂಬಗಳ ನಡುವೆ ಸ್ಟಿಲ್ಟ್ ಪಾರ್ಕಿಂಗ್. ಗಾಡಿಗಳಿಗೆ ಒಂದು ದೊಡ್ಡ ಗೇಟು, ಸ್ಟೇಷನ್ ಕಡೆ ಗಲ್ಲಿಗೆ ಹೋಗಲು ಒಂದು ಚಿಕ್ಕ ಗೇಟು. ಉಡುಪಿ, ಮಂಗಳೂರು ಕಡೆಯವರು ಜಾಸ್ತಿ. ವಿಜಯಪುರ, ಕಲಬುರಗಿ ಕಡೆಯ ಬಾಡಿಗೆದಾರರು ಕೆಲವರಿದ್ದಾರೆ, ಉಳಿದವರು ಮರಾಠಿ, ಗುಜರಾತಿ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದವರು ರಾತ್ರಿ ಎಂಟರ ಮೇಲೆಯೇ ವಾಪಸ್. ಹಗಲು ಹನ್ನೊಂದು ಗಂಟೆಗೆ ಬಂದು ನೋಡಿದರೆ ಇಡೀ ಮಹಡಿಗೆ ಬೀಗ. ಮೇ ತಿಂಗಳಲ್ಲಂತೂ ಅರ್ಧ ಸೊಸೈಟಿ ಊರಲ್ಲಿರುತ್ತದೆ, ಮದುವೆ, ಗೃಹಪ್ರವೇಶ, ದೈವದ ಕೋಲ ಅಂತ.

ಮೊದಲ ಕಳ್ಳತನ ಆದದ್ದು ಹಾಗೆ ಊರಿಗೆ ಹೋದವರ ಮನೆಯಲ್ಲೇ, ಮೂರನೇ ಮಹಡಿ. ಮತ್ಸ್ಯಗಂಧ ರೈಲು ಹತ್ತಿ ಹೋದವರು ಎರಡು ವಾರ ಬಿಟ್ಟು ಬಂದರು. ಸೇಫ್ಟಿ ಡೋರ್ ಮುಚ್ಚಿಯೇ ಇತ್ತು. ಎಳೆದರೆ ಬಂತು. ಆಲ್ಡ್ರಾಪ್ (ಬೀಗ ಹಾಕುವ ಚಿಲಕ) ಕಿತ್ತು ಒಳಗೆ ಹೋದವನು ಹೊರಡುವಾಗ ಬಾಗಿಲನ್ನು ಸರಿಯಾಗಿ ಮುಚ್ಚಿಟ್ಟು ಹೋಗಿದ್ದ. ಹಾಗಾಗಿ ಅದೇ ಮಹಡಿಯವರು ದಿನಾ ಅದರ ಮುಂದೆ ಓಡಾಡಿದರೂ ಯಾರಿಗೂ ಏನೂ ಅನಿಸಿರಲಿಲ್ಲ.

ಪಂಚನಾಮೆ ಹೊತ್ತಿಗೆ ನಾನು ಆ ಬೀಗವನ್ನು ನೋಡಿದೆ. ಏಳು ಲಿವರ್‌ನ ದಪ್ಪ ಹಿತ್ತಾಳೆ ಬೀಗ. ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಿದ್ದಿತ್ತು. ಒಂದು ಗೀರೂ ಇಲ್ಲ, ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಅದರ ಬಾಯಿಗೆ ಆಲ್ಡ್ರಾಪಿನ ಕೊಂಡಿ ಸಿಕ್ಕಿಕೊಂಡಿದೆ, ಕೊಂಡಿಯ ಪಟ್ಟಿಯಲ್ಲಿ ನಾಲ್ಕು ಸಣ್ಣ ಸ್ಕ್ರೂ, ಅರ್ಧ ಇಂಚಿನವು. ಸ್ಕ್ರೂಗಳಿಗೆ ಮರದ ಪುಡಿ ಅಂಟಿಕೊಂಡಿತ್ತು. ಕಳ್ಳ ಬೀಗದ ತಂಟೆಗೇ ಹೋಗಿರಲಿಲ್ಲ. ಸಾವಿರ ಕೊಟ್ಟು ತಂದ ಬೀಗ ನಿಂತಿದ್ದು ಎರಡು ರೂಪಾಯಿಯ ಸ್ಕ್ರೂ ಮೇಲೆ. ಒಳಗಿನ ಮುಖ್ಯ ಬಾಗಿಲಿಗೆ ನೈಟ್ ಲ್ಯಾಚ್ ಇತ್ತು, ಆದರೆ ಸುಮ್ನೆ ಎಳೆದುಕೊಂಡು ಹೋಗಿದ್ದರು, ಕೀ ತಿರುಗಿಸಿ ಡಬಲ್ ಲಾಕ್ ಮಾಡಿರಲಿಲ್ಲ. ಹಾಗೆ ಬಿಟ್ಟರೆ ಒಳಗಿನ ನಾಲಿಗೆ ಬರೀ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ, ಒತ್ತಿದರೆ ಹಿಂದೆ ಸರಿಯುತ್ತದೆ. ಕಪಾಟಿನ ಕೀ ಅದೇ ಕೋಣೆಯಲ್ಲಿ ಬಟ್ಟೆಯ ಅಡಿಯಲ್ಲಿ. ಅಲ್ಲೇ ತಾನೇ ಎಲ್ಲರೂ ಇಡೋದು.

ಕಂಪ್ಲೇಂಟ್ ಆಯಿತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಎಫ್‌ಐಆರ್‌ನಲ್ಲಿ ಸೆಕ್ಷನ್ 305 ಮತ್ತು 331 ಹಾಕಿದರು. ವಾಸದ ಮನೆಯಲ್ಲಿ ಕಳ್ಳತನಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಪೊಲೀಸರು ಕೇಳಿದ ಮೊದಲ ಪ್ರಶ್ನೆ ಚಿನ್ನದ ಬಗ್ಗೆ: ಬಿಲ್ ಇದೆಯಾ, ಫೋಟೋ ಇದೆಯಾ? ಅತ್ತೆಯ ಕಾಲದ ಕರಿಮಣಿ, ಬೆಂಡೋಲೆಗೆ ಬಿಲ್ ಎಲ್ಲಿಂದ ತರೋದು? ಹೊಸ ಒಡವೆಯಾದರೆ ಹಾಲ್‌ಮಾರ್ಕಿನ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಅನ್ನುವ ಗುರುತು ಇರುತ್ತದೆ, 2023ರ ಏಪ್ರಿಲ್‌ನಿಂದ ಅಂಗಡಿಯವರು ಅದಿಲ್ಲದೆ ಮಾರುವಂತಿಲ್ಲ. ಹಳೆಯದಕ್ಕೆ ಉಪಾಯ ಒಂದೇ. ತಕ್ಕಡಿ ಮೇಲಿಟ್ಟು ತೂಕ ಕಾಣುವ ಹಾಗೆ ಫೋಟೋ ತೆಗೆದಿಡಬೇಕು. ಮಾಲು ಸಿಕ್ಕರೆ ಕೋರ್ಟಿನಿಂದ ಬಿಡಿಸಿಕೊಳ್ಳುವಾಗ "ಇದು ನಮ್ಮದೇ" ಅಂತ ತೋರಿಸೋಕೆ ಏನಾದರೂ ಬೇಕಲ್ವಾ. ಆ ಮನೆಯ ಅಕ್ಕ ಕೊನೆಗೆ ಮದುವೆ ಆಲ್ಬಂ ಹೊತ್ತುಕೊಂಡು ಠಾಣೆಗೆ ಹೋದರು.

ಕ್ಯಾಮೆರಾ ಇರಲಿಲ್ಲ ಅಂದುಕೊಳ್ಳಬೇಡಿ. ಆಗಲೇ ಎಂಟು ಇದ್ದವು. ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನಲ್ಲಿ 1 ಟಿಬಿ ಡಿಸ್ಕ್. ಎರಡು ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ 4 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 4 ಮೆಗಾಬಿಟ್) ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 43 ಜಿಬಿ ತಿನ್ನುತ್ತದೆ. ಎಂಟಕ್ಕೆ 345 ಜಿಬಿ. ಅಂದರೆ ಮೂರು ದಿನ ತುಂಬುವ ಮೊದಲೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಎರಡು ವಾರದ ನಂತರ ಊರಿಂದ ಬಂದವರಿಗೆ ಅದರಲ್ಲಿ ಕಂಡದ್ದು ಹಿಂದಿನ ದಿನ ಹಾಲಿನವನು ಬಂದು ಹೋದದ್ದು ಮಾತ್ರ. ಹಾಗಿರುವಾಗ ಇನ್ನೂ 16 ಸೇರಿಸಿದರೆ, ಡಿಸ್ಕ್ ಅದೇ ಇದ್ದರೆ, ಒಂದು ದಿನದ್ದೂ ಪೂರ್ತಿ ಉಳಿಯಲ್ಲ! ಕೊಟೇಶನ್ನಿನಲ್ಲಿ ಡಿಸ್ಕ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸಾಕ್ಷಿ ಇಲ್ಲದ ಕಡೆ ಸಂಶಯ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮೊದಲು ಕೆಲಸದ ಬಾಯಿ (ಮನೆಗೆಲಸದ ಹೆಂಗಸು), ಆಮೇಲೆ ವಾಚ್‌ಮನ್, ಆಮೇಲೆ ಇಸ್ತ್ರಿಯವನು. ಆ ಬಾಯಿ ನಾಲ್ಕು ಮನೆ ಕೆಲಸ ಕಳೆದುಕೊಂಡರು. ಪೊಲೀಸರು ಅವರನ್ನು ಒಂದು ಸಲ ಕೇಳಿ ಬಿಟ್ಟರು, ನಮ್ಮವರು ಬಿಡಲಿಲ್ಲ. "ಬಾಯಿಗಳು ಲಿಫ್ಟ್ ಬಳಸಬಾರದು" ಅಂತ ಒಂದು ನೋಟಿಸ್ ಕೂಡ ಬಂತು. ಆಲ್ಡ್ರಾಪಿನ ಸ್ಕ್ರೂಗೂ ಲಿಫ್ಟಿಗೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಕೀ ಗೊತ್ತಿರುವವರು ಮಾಡಿದ್ದರೆ ಬಾಗಿಲು ಕೀಳುವ ಅಗತ್ಯವೇ ಇರಲಿಲ್ಲ.

ಎರಡನೆಯದು ಸ್ಕೂಟರ್, ಜುಲೈನಲ್ಲಿ, ಹಗಲು ಹೊತ್ತಿನಲ್ಲಿ. ಇದು ಹೊರಗೆ ನಿಲ್ಲಿಸಿದ ಗಾಡಿ ಅಲ್ಲ, ಸ್ಟಿಲ್ಟಿನ ಒಳಗೇ ಇತ್ತು. ಮಾಲೀಕ ಐರೋಲಿಯಲ್ಲಿ ಕೆಲಸ ಮಾಡುವ ವಿಜಯಪುರದ ಹುಡುಗ. ಅವನು ಹ್ಯಾಂಡಲ್ ಲಾಕ್ ಮಾಡಿರಲಿಲ್ಲ, ಆದರೆ ಅದು ಅಜಾಗರೂಕತೆ ಅಲ್ಲ, ನಮ್ಮ ಸೊಸೈಟಿಯ ಅಲಿಖಿತ ನಿಯಮವೇ ಹಾಗಿತ್ತು. ಜಾಗ ಕಮ್ಮಿ, ಟು-ವೀಲರ್ ಜಾಸ್ತಿ, ಒಂದರ ಹಿಂದೆ ಒಂದು ತುರುಕಿ ನಿಲ್ಲಿಸುವುದು. ಒಳಗಿನ ಗಾಡಿ ತೆಗೆಯಬೇಕಾದರೆ ವಾಚ್‌ಮನ್ ಮುಂದಿನ ಮೂರನ್ನು ಎತ್ತಿಡಬೇಕು. ಹ್ಯಾಂಡಲ್ ಲಾಕ್ ಮಾಡಿದವನಿಗೆ ಬೈಗುಳ. ಹಾಗಾಗಿ ಸಾಲಿನ ಯಾವ ಗಾಡಿಗೂ ಲಾಕ್ ಇಲ್ಲ.

ಈ ಸಲ ರೆಕಾರ್ಡಿಂಗ್ ಸಿಕ್ಕಿತು. ಜೋರು ಮಳೆ. ರೇನ್‌ಕೋಟು, ಹೆಲ್ಮೆಟ್ಟು ಹಾಕಿದ ಒಬ್ಬ ಚಿಕ್ಕ ಗೇಟಿನಿಂದ ಒಳಗೆ ಬರುತ್ತಾನೆ, ಸ್ಟಿಲ್ಟಿನ ಮೂಲೆಯಲ್ಲಿ ಸ್ವಲ್ಪ ಹೊತ್ತು ಬಗ್ಗಿರುತ್ತಾನೆ, ಆಮೇಲೆ ಸ್ಕೂಟರ್ ಓಡಿಸಿಕೊಂಡು ದೊಡ್ಡ ಗೇಟಿನಿಂದ ಹೊರಗೆ ಹೋಗುತ್ತಾನೆ. ವಾಚ್‌ಮನ್ ಛತ್ರಿ ಹಿಡಿದುಕೊಂಡೇ ಎದ್ದು ಬಂದು ಅವನಿಗೆ ಗೇಟು ತೆಗೆದುಕೊಟ್ಟಿದ್ದಾನೆ. ಬೈಯುವವರು ಬೈದರು. ಆದರೆ ನಮ್ಮ ಪದ್ಧತಿಯೇ ಅದು: ಒಳಗೆ ಬರುವ ಡೆಲಿವರಿ ಹುಡುಗನಿಗೆ ಹೆಸರು, ಫ್ಲ್ಯಾಟ್ ನಂಬರ್, ಫೋನ್, ಎಲ್ಲ ಕೇಳುತ್ತೇವೆ. ಹೊರಗೆ ಹೋಗುವ ಗಾಡಿಗೆ ಯಾರೂ ಏನೂ ಕೇಳಲ್ಲ. ಕೇಳಿದರೆ ನಾವೇ ಸಿಡುಕುತ್ತೇವೆ. ಗಾಡಿ ಕದಿಯುವವನಿಗೆ ಒಳಗೆ ಬರಲು ಗಾಡಿ ಬೇಡ, ಹೊರಗೆ ಹೋಗಲು ತಾನೇ ಬೇಕು.

ಆ ಹುಡುಗ ಕಂಪ್ಲೇಂಟ್ ಕೊಟ್ಟು ಬಂದು ಧೈರ್ಯವಾಗಿಯೇ ಇದ್ದ. "ಅಣ್ಣಾರ, ಐದು ವರ್ಷದ್ ಇನ್ಶೂರನ್ಸ್ ಅದ ನಂದು, ಗಾಡಿ ತಗೊಂಡು ಮೂರು ವರ್ಷ ಆಗ್ಯಾವ ಅಷ್ಟ" ಅಂದ. ಪಾಲಿಸಿ ತೆಗೆದು ನೋಡಿದರೆ ಐದು ವರ್ಷ ಇದ್ದದ್ದು ಥರ್ಡ್ ಪಾರ್ಟಿಗೆ ಮಾತ್ರ. ಸುಪ್ರೀಂ ಕೋರ್ಟ್ ಆದೇಶದ ನಂತರ 2018ರ ಸೆಪ್ಟೆಂಬರ್‌ನಿಂದ ಹೊಸ ಟು-ವೀಲರ್‌ಗೆ ಐದು ವರ್ಷದ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಪಾಲಿಸಿ ಒಟ್ಟಿಗೇ ಬರುತ್ತದೆ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. ನಮ್ಮ ಗಾಡಿ ಕಳುವಾದರೆ ದುಡ್ಡು ಬರುವುದು ಓನ್ ಡ್ಯಾಮೇಜ್ ಭಾಗದಿಂದ. ಅವನ ಪಾಲಿಸಿಯಲ್ಲಿ ಅದು ಒಂದೇ ವರ್ಷಕ್ಕಿತ್ತು, ಮೊದಲ ವರ್ಷ ಮುಗಿದ ಮೇಲೆ ರಿನ್ಯೂ ಆಗಿರಲಿಲ್ಲ. ರಿನ್ಯೂ ಆಗಿದ್ದರೆ, ಮೂರರಿಂದ ನಾಲ್ಕು ವರ್ಷದೊಳಗಿನ ಗಾಡಿಗೆ 40% ಸವಕಳಿ ಕಳೆದು ಉಳಿದ ಬೆಲೆಗೆ ಕ್ಲೇಮ್ ಹಾಕಬಹುದಿತ್ತು. ಅದಕ್ಕೂ ಎಫ್‌ಐಆರ್, ಎರಡೂ ಕೀ, ಕೊನೆಗೆ ಗಾಡಿ ಪತ್ತೆಯಾಗಿಲ್ಲ ಅಂತ ಪೊಲೀಸರ ರಿಪೋರ್ಟು, ಎಲ್ಲ ಬೇಕು. ಇದನ್ನು ಕೇಳಿದ ಮೇಲೆ ಸೊಸೈಟಿಯಲ್ಲಿ ಎಷ್ಟೋ ಜನ ತಮ್ಮ ತಮ್ಮ ಪಾಲಿಸಿ ತೆಗೆದು ನೋಡಿದರು. ಅದೇ ಸ್ಥಿತಿಯಲ್ಲಿದ್ದವರು ಕಮ್ಮಿ ಇರಲಿಲ್ಲ.

ಇನ್ನು ಸೈಲೆನ್ಸರ್. ಕೇಟರಿಂಗ್ ಮಾಡುವ ನಮ್ಮ ಶೆಟ್ರು ಬೆಳಗಿನ ಜಾವ ನಾಲ್ಕೂವರೆಗೆ ಇಡ್ಲಿ, ಚಟ್ನಿ ಡಬ್ಬ ಹೇರಿಕೊಂಡು ಈಕೋ ಸ್ಟಾರ್ಟ್ ಮಾಡಿದರೆ ಹಳೇ ಟ್ರ್ಯಾಕ್ಟರಿನ ಹಾಗೆ ಸದ್ದು, ಎರಡೂ ವಿಂಗಿನ ಜನ ಎದ್ದರು. ಗಾಡಿಯ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಪೈಪು ಅರ್ಧಕ್ಕೇ ನಿಂತಿದೆ, ಎರಡು ನಟ್ಟು ನೆಲದ ಮೇಲಿದೆ. ಒಳಗೆ ಪಾರ್ಕಿಂಗ್ ಸಿಗದೆ ಅವರು ಗಾಡಿಯನ್ನು ಗಲ್ಲಿಯಲ್ಲಿ ಕಂಪೌಂಡ್ ಗೋಡೆಗೆ ತಾಗಿಸಿ ನಿಲ್ಲಿಸುತ್ತಿದ್ದರು. ಅಲ್ಲಿಯ ಬೀದಿ ದೀಪ ಕೆಟ್ಟು ಎಷ್ಟೋ ಕಾಲ ಆಗಿತ್ತು.

ಕಬ್ಬಿಣದ ಪೈಪಿಗೆ ಯಾರು ಇಷ್ಟು ಕಷ್ಟ ಪಡುತ್ತಾರೆ ಅಂತ ಸಭೆಯಲ್ಲಿ ನಕ್ಕವರೂ ಇದ್ದರು. ಕಳ್ಳನಿಗೆ ಬೇಕಾದ್ದು ಪೈಪಲ್ಲ, ಅದರ ಜೊತೆ ಬರುವ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮುಂತಾದ ವಿಷವನ್ನು ಕಮ್ಮಿ ಮಾಡಲು ಅದರೊಳಗಿನ ಜಾಲರಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಇವೆಲ್ಲ ದುಬಾರಿ ಲೋಹಗಳು, ಗ್ರಾಂ ಲೆಕ್ಕದಲ್ಲಿ ಮಾರುವಂಥವು. ಈಕೋ ನೆಲದಿಂದ ಸ್ವಲ್ಪ ಎತ್ತರ, ಜಾಕ್ ಇಲ್ಲದೆಯೂ ಕೆಳಗೆ ನುಸುಳಬಹುದು, ಬೋಲ್ಟ್ ಬಿಚ್ಚಿದರೆ ಆಯಿತು. ಅದಕ್ಕೇ ಪುಣೆ, ಅಹಮದಾಬಾದ್, ದೆಹಲಿ, ಎಲ್ಲ ಕಡೆ ಈ ಗಾಡಿಯ ಸೈಲೆನ್ಸರ್ ಕಳ್ಳತನದ ಸುದ್ದಿ ಬಂದದ್ದು. ಹೊಸದು ಹಾಕಿಸಲು ಹತ್ತಾರು ಸಾವಿರ. ಇಲ್ಲದೆ ಓಡಿಸಿದರೆ ಪಿಯುಸಿ (ಹೊಗೆ ತಪಾಸಣೆ ಸರ್ಟಿಫಿಕೇಟ್) ಆಗಲ್ಲ. ಶೆಟ್ರು ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ) ಹೋಗುತ್ತದೆ ಅಂತ ಲೆಕ್ಕ ಹಾಕಿ, ಸುಮ್ಮನಾದರು. ಅವತ್ತಿನ ಇಡ್ಲಿ ರಿಕ್ಷಾದಲ್ಲಿ ಹೋಯಿತು.

ಇಲ್ಲಿ ಕ್ಯಾಮೆರಾ ಗಾಡಿಯನ್ನು ನೇರವಾಗಿಯೇ ನೋಡುತ್ತಿತ್ತು. ರಾತ್ರಿ ಎರಡರ ಹೊತ್ತಿಗೆ ಒಂದು ಕಾರು ಬಂದು ಪಕ್ಕಕ್ಕೆ ನಿಲ್ಲುತ್ತದೆ. ಈಕೋ ಅಡಿಯಿಂದ ಎರಡು ಕಾಲು ಕಾಣುತ್ತದೆ. ಕಾರು ಹೋಗುತ್ತದೆ. ನಂಬರ್ ಪ್ಲೇಟ್ ಇರಬೇಕಾದ ಕಡೆ ಬರೀ ಬಿಳಿ ಚೌಕ. ನಂಬರ್ ಪ್ಲೇಟಿಗೆ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುವ ಹಾಳೆ ಇರುತ್ತದೆ, ಕ್ಯಾಮೆರಾದ ಇನ್ಫ್ರಾರೆಡ್ ದೀಪ ಅದಕ್ಕೆ ಬಡಿದು ವಾಪಸ್ ಬಂದರೆ ಎಲ್ಲ ಬೆಳ್ಳಗಾಗುತ್ತದೆ. ನಂಬರ್ ಓದಲು ಶಟರ್ ವೇಗ ಹೆಚ್ಚಿಸಿ, ಕಮ್ಮಿ ಎತ್ತರದಲ್ಲಿ ಕೂರಿಸಿದ ಬೇರೆಯದೇ ಕ್ಯಾಮೆರಾ ಬೇಕು. ಸಾಲದ್ದಕ್ಕೆ ಡಿವಿಆರ್ ಗಡಿಯಾರ ಮುಕ್ಕಾಲು ಗಂಟೆ ಹಿಂದಿತ್ತು. ಸೆಕ್ರೆಟರಿ ಸ್ಕ್ರೀನಿನ ಮುಂದೆ ಮೊಬೈಲ್ ಹಿಡಿದು ಶೂಟ್ ಮಾಡಿ ವಾಟ್ಸಾಪಿನಲ್ಲಿ ಪೊಲೀಸರಿಗೆ ಕಳಿಸಿದರು. ತನಿಖೆಗೆ ಸುಳಿವಾಗಿ ಅದು ಸರಿ, ಕೋರ್ಟಿಗೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಡಿವಿಆರ್‌ನಿಂದ ತೆಗೆದ ಕಾಪಿಯ ಜೊತೆ ಹ್ಯಾಶ್ ವ್ಯಾಲ್ಯೂ (ಫೈಲು ಬದಲಾಗಿಲ್ಲ ಅಂತ ತೋರಿಸುವ ಸಂಕೇತ) ಇರುವ ಪ್ರಮಾಣಪತ್ರ ಕೊಡಬೇಕು.

ಈಗ ಸಭೆಗೆ ಬರೋಣ. ದುಡ್ಡನ್ನು ಸಿಂಕಿಂಗ್ ಫಂಡಿನಿಂದ ತೆಗೆಯೋಣ ಅಂತ ಖಜಾಂಚಿ ಅಂದರು. ಆ ಫಂಡ್ ಇರುವುದು ಕಟ್ಟಡದ ದೊಡ್ಡ ರಿಪೇರಿಗೆ, ಕ್ಯಾಮೆರಾಗಲ್ಲ, ಅಂತ ಅಲ್ಲೇ ಒಂದು ಜಗಳ. ಅಷ್ಟರಲ್ಲಿ ರೈಲ್ವೆ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ರಾಯರು ಎದ್ದು, "ನಮ್ಮ ಗೇಟಿನ ಕ್ಯಾಮೆರಾ ಎಷ್ಟು ಅಗಲ ನೋಡ್ತದೆ ಮಾರಾಯ್ರೆ, ಅಳೆದಿದ್ದೀರಾ?" ಅಂತ ಕೇಳಿದರು. ಅವರು ಟೇಪ್ ಹಿಡಿದು ಅಳೆದೇ ಬಂದಿದ್ದರು, ಸುಮಾರು 20 ಮೀಟರ್. ಗೇಟು, ರಸ್ತೆ, ಎದುರಿನ ಪಾನ್ ಅಂಗಡಿ ಎಲ್ಲ ಅದರೊಳಗೆ. ಐಇಸಿ 62676-4 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯಲ್ಲಿ, ಗೊತ್ತಿಲ್ಲದವನ ಮುಖ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಪರಿಚಯ ಇದ್ದವನನ್ನು ಇವನೇ ಅನ್ನಲು 125. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. 20ರಿಂದ ಭಾಗಿಸಿದರೆ 96. "ಸ್ವಂತ ಮಗ ಬಂದ್ರೂ ಗುರ್ತ ಸಿಕ್ಲಿಕ್ಕಿಲ್ಲ" ಅಂದರು ರಾಯರು. ಇಂಥವೇ ಇನ್ನೂ 16 ತಂದು ಗೋಡೆಗೆ ಹೊಡೆಯಲು ಹೊರಟಿದ್ದೆವು.

ಆಮೇಲೆ ಚರ್ಚೆಯ ದಾರಿ ಬದಲಾಯಿತು. ಕೊನೆಗೆ ಹೊಸ ಕ್ಯಾಮೆರಾ ನಾಲ್ಕೇ ಬಂದವು. ಗೇಟಿನಲ್ಲಿ ಮುಖದ ಎತ್ತರಕ್ಕೆ ಒಂದು, ನಾಲ್ಕು ಮೀಟರ್ ಅಗಲ ಮಾತ್ರ ನೋಡುವಂಥದ್ದು. ನಂಬರ್ ಪ್ಲೇಟಿಗೆ ಒಂದು. ಎರಡೂ ವಿಂಗಿನ ಲಿಫ್ಟ್ ಎದುರು ಒಂದೊಂದು. ಹೊಸ ರೆಕಾರ್ಡರಿಗೆ 8 ಟಿಬಿ ಡಿಸ್ಕ್, ಬಿಟ್‌ರೇಟ್ 2 ಎಂಬಿಪಿಎಸ್‌ಗೆ ಇಳಿಸಿದ್ದರಿಂದ ಹನ್ನೆರಡು ಕ್ಯಾಮೆರಾದ್ದು ಸುಮಾರು 30 ದಿನ ನಿಲ್ಲುತ್ತದೆ. ಊರಿಗೆ ಹೋದವರು ಬರುವವರೆಗಾದರೂ ಉಳಿಯುತ್ತದೆ.

ಬಾಗಿಲುಗಳಿಗೆ ಒಂದು ಭಾನುವಾರ ಆಚಾರಿಯನ್ನು ಕರೆಸಿ ಸ್ಕ್ರೂ ತೆಗೆಸಿ, ಮರದ ಆಚೆ ಬದಿಗೆ ದಾಟಿ ಒಳಗಿನಿಂದ ನಟ್ ಬಿಗಿಯುವ ಬೋಲ್ಟ್ ಹಾಕಿಸಿದೆವು. ಹೊರಗೆ ತಲೆ ನುಣ್ಣಗೆ, ಸ್ಪ್ಯಾನರ್ ಕೂರುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಕಮ್ಮಿ ಖರ್ಚಿನ, ಅತಿ ಉಪಯೋಗದ ಕೆಲಸ ಇದೇ. ಹೊರಗೆ ಬೀಗ ನೇತು ಹಾಕದೆ ಬಾಗಿಲೊಳಗೇ ಕೂರುವ ಲಾಕ್ ಹಾಕಿಸಿಕೊಂಡವರೂ ಇದ್ದಾರೆ, ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಹೊರಗಿನವರಿಗೆ ತಿಳಿಯಬಾರದಲ್ಲ. ಊರಿಗೆ ಹೊರಟವರು ಸ್ಟೇಷನ್ನಿನಿಂದ ಸೊಸೈಟಿ ಗ್ರೂಪಿಗೆ ಫೋಟೋ ಹಾಕುವುದು ಕಮ್ಮಿಯಾಗಿದೆ. ಅದರ ಬದಲು ಅದೇ ಮಹಡಿಯ ಒಬ್ಬರಿಗೆ ಹೇಳಿ ಹೋಗುತ್ತಾರೆ, ಅವರು ದಿನಕ್ಕೊಮ್ಮೆ ಬಾಗಿಲು ಕೈಯಲ್ಲಿ ಎಳೆದು ನೋಡಬೇಕು. ಕಣ್ಣಿಗೆ ಮುಚ್ಚಿದ ಹಾಗೆ ಕಂಡರೆ ಸಾಲದು ಅಂತ ಮೂರನೇ ಮಹಡಿಯವರಿಗೆ ಚೆನ್ನಾಗಿ ಗೊತ್ತು. ಚಿನ್ನ ಬ್ಯಾಂಕ್ ಲಾಕರಿಗೆ ಹೋಯಿತು. ಲಾಕರಿನಲ್ಲೂ ಎಲ್ಲ ಭದ್ರ ಅಂತಲ್ಲ, ಆರ್‌ಬಿಐ ನಿಯಮದಂತೆ ಕಳ್ಳತನ ಆದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ಎರಡು ಸಾವಿರ ಬಾಡಿಗೆ ಅಂದರೆ ಎರಡು ಲಕ್ಷ.

ಟು-ವೀಲರ್ ಸಾಲಿಗೆ ಬಣ್ಣ ಹೊಡೆದು ಜಾಗ ಗುರುತು ಮಾಡಿದೆವು, ಒಂದು ಫ್ಲ್ಯಾಟಿಗೆ ಒಂದೇ ಟು-ವೀಲರ್ ಒಳಗೆ. ಎರಡನೆಯದು ಇಟ್ಟುಕೊಂಡವರ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಈಗ ಹ್ಯಾಂಡಲ್ ಲಾಕ್ ಮಾಡಿದರೆ ಯಾರಿಗೂ ತೊಂದರೆ ಇಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹೊರಗೆ ಹೋಗುವ ಗಾಡಿಯನ್ನು ವಾಚ್‌ಮನ್ ನಿಲ್ಲಿಸಿ ಸ್ಟಿಕ್ಕರ್ ನೋಡುತ್ತಾನೆ, ಹೆಲ್ಮೆಟ್ ಎತ್ತಿ ಮುಖ ತೋರಿಸಬೇಕು. ಬೆಳಗಿನ ಗಡಿಬಿಡಿಯಲ್ಲಿ ಇದು ಆಗುವ ಮಾತಲ್ಲ, ಅದಕ್ಕೆ ಪ್ರಯತ್ನವನ್ನೂ ಮಾಡಲಿಲ್ಲ.

ವಾಚ್‌ಮನ್ ವಿಷಯದಲ್ಲಿ ಏಜೆನ್ಸಿಯಿಂದ ಲೈಸೆನ್ಸ್ ಕಾಪಿ ಕೇಳಿದೆವು. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಂತೆ ಲೈಸೆನ್ಸ್ ಕಡ್ಡಾಯ, ಗಾರ್ಡಿಗೆ ತರಬೇತಿಯೂ ಕಡ್ಡಾಯ, ಕೇಂದ್ರದ ಮಾದರಿ ನಿಯಮಗಳಲ್ಲಿ ಅದು 160 ಗಂಟೆ. ಏಜೆನ್ಸಿಯವರು ನಾಳೆ, ನಾಡಿದ್ದು ಅಂತ ಎಳೆದರು. ಬದಲಾಯಿಸಿದೆವು. ಆ ಛತ್ರಿಯ ವಾಚ್‌ಮನ್‌ನನ್ನು ಮಾತ್ರ ಹೊಸ ಏಜೆನ್ಸಿಗೆ ಹೇಳಿ ಉಳಿಸಿಕೊಂಡೆವು. ಎಲ್ಲರ ಮುಖ ಗೊತ್ತಿರುವವನು ಅವನೊಬ್ಬನೇ.

ಶೆಟ್ರ ಈಕೋಗೆ ಹೊಸ ಸೈಲೆನ್ಸರಿನ ಜೊತೆ ಗ್ಯಾರೇಜಿನವನು ದಪ್ಪ ಕಬ್ಬಿಣದ ಪಟ್ಟಿಯ ಗಾರ್ಡ್ ಮಾಡಿ ಚಾಸಿಸ್‌ಗೆ ಕೂರಿಸಿದ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಪಟ್ಟಿಯ ಅಂಚಿನಲ್ಲಿ ಹ್ಯಾಕ್ಸಾದಲ್ಲಿ ಕೊಯ್ದ ಗೆರೆ, ಎರಡು ಮಿಲಿಮೀಟರ್ ಆಳವೂ ಇಲ್ಲ, ಅಲ್ಲಿಗೇ ಬಿಟ್ಟು ಹೋಗಿದ್ದಾರೆ. ಅದೇ ವಾರ ಪಕ್ಕದ ಗಲ್ಲಿಯ ಒಂದು ಈಕೋದ ಸೈಲೆನ್ಸರ್ ಹೋಯಿತು. ಅಂದರೆ ಕಳ್ಳ ಕಸುಬು ಬಿಟ್ಟಿಲ್ಲ, ಗಲ್ಲಿ ಬದಲಾಯಿಸಿದ್ದಾನೆ. ಅದಕ್ಕೇ ಬೀದಿ ದೀಪಕ್ಕೆ ಕಲ್ಯಾಣ್-ಡೊಂಬಿವಲಿ ಪಾಲಿಕೆಗೆ ಅರ್ಜಿ ಹಾಕುವಾಗ ಎರಡೂ ಸೊಸೈಟಿ ಒಟ್ಟಿಗೆ ಸಹಿ ಹಾಕಿದೆವು. ಒಂದು ದೀಪ ಬಂದಿದೆ, ಇನ್ನೊಂದು ಬರಬೇಕು.

ಚಿನ್ನ ಸಿಕ್ಕಿಲ್ಲ, ಸ್ಕೂಟರೂ ಸಿಕ್ಕಿಲ್ಲ. ಆ ಬಾಯಿಯನ್ನು ಎರಡು ಮನೆಯವರು ವಾಪಸ್ ಕರೆದರು. ಲಿಫ್ಟಿನ ನೋಟಿಸನ್ನು ಯಾರೋ ಹರಿದು ಹಾಕಿದ್ದಾರೆ, ಯಾರು ಅಂತ ಕಮಿಟಿ ವಿಚಾರಿಸಲು ಹೋಗಿಲ್ಲ. ಬಗೆಹರಿಯದೆ ಉಳಿದದ್ದು ಚಿಕ್ಕ ಗೇಟು. ಸ್ಕೂಟರ್ ಕಳ್ಳ ಬಂದದ್ದು ಅಲ್ಲಿಂದಲೇ, ಮುಚ್ಚಿಬಿಡಿ ಅಂತ ಒಂದು ಬಣ. ದೊಡ್ಡ ಗೇಟಿನಿಂದ ಸುತ್ತಿ ಹೋದರೆ ಲೋಕಲ್ ತಪ್ಪುತ್ತದೆ, ಮೊಣಕಾಲು ನೋವಿನವರು ಏನು ಮಾಡಬೇಕು ಅಂತ ಇನ್ನೊಂದು ಬಣ. ಸದ್ಯಕ್ಕೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಬೀಗ, ಹಗಲು ತೆರೆದೇ ಇರುತ್ತದೆ. ಹಗಲು ಅಲ್ಲಿ ಇನ್ನೊಬ್ಬ ವಾಚ್‌ಮನ್ ಇಟ್ಟರೆ ಮೆಂಟೆನೆನ್ಸ್ ಏರುತ್ತದೆ. ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಮಾಡಲೇಬೇಕು, ಅಜೆಂಡಾದಲ್ಲಿ ಈ ಗೇಟಿನದ್ದೇ ಮೊದಲ ವಿಷಯ. ರಾಯರು ಆಗಲೇ ಅಲ್ಲಿಯೂ ಟೇಪ್ ಹಿಡಿದು ಅಳೆದಿದ್ದಾರಂತೆ.